ಬಿಳಿ ರಕ್ತಕಣ ಲಕ್ಷ ದಾಟಿದರೆ

ಡೆಂಗಿ ನಮಗೆಲ್ಲ ರಕ್ತ ಪರೀಕ್ಷೆಯ ಚೀಟಿ ಓದಲು ಕಲಿಸಿದೆ. ಚಳ್ಳಕೆರೆಯಲ್ಲಾಗಲಿ ಮೊಳಕಾಲ್ಮುರಿನಲ್ಲಾಗಲಿ ರಿಪೋರ್ಟ್ ಕೈಗೆ ಬಂದೊಡನೆ ಕಣ್ಣು ಪ್ಲೇಟ್‌ಲೆಟ್ ಸಾಲಿಗೆ ಓಡುತ್ತದೆ. ಅದೇ ಚೀಟಿಯ ಬಿಳಿ ರಕ್ತಕಣದ ಸಾಲನ್ನು ಓದುವವರು ಕಡಿಮೆ. ದೊಡ್ಡವರಲ್ಲಿ 4,000ದಿಂದ 11,000 ಸಹಜ. ಸೋಂಕಾದರೆ ಇಪ್ಪತ್ತು, ಮೂವತ್ತು ಸಾವಿರಕ್ಕೆ ಏರುವುದುಂಟು. 1,00,000 ದಾಟಿದ್ದರೆ ಮಾತ್ರ ಮೊದಲು ಶಂಕಿಸಬೇಕಾದದ್ದು ರಕ್ತದ ಕ್ಯಾನ್ಸರನ್ನು, ಅಂದರೆ ಲ್ಯುಕೇಮಿಯಾವನ್ನು.

ದೀರ್ಘಕಾಲದ ಬಗೆಯ ಲ್ಯುಕೇಮಿಯಾದಲ್ಲಿ ಕೌಂಟ್ ಎರಡು ಲಕ್ಷವಾದರೂ ಕೆಲವರು ಎಡಹೊಟ್ಟೆ ಭಾರವೆಂದಷ್ಟೇ ಹೇಳಿಕೊಂಡು ನಡೆದೇ ಬರುತ್ತಾರೆ. ತೀವ್ರ ಮೈಲಾಯ್ಡ್ ಬಗೆಯದು ಹಾಗಲ್ಲ. ಅದರ ಎಳೆಯ ಕಣಗಳು ದೊಡ್ಡವು, ಸುಲಭವಾಗಿ ಬಾಗದವು, ನಾಳದ ಗೋಡೆಗೆ ಅಂಟುವಂಥವು. ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡರೆ ಏದುಸಿರು. ಮಿದುಳಿನಲ್ಲಾದರೆ ತಲೆನೋವು, ಮಂಜುಗಣ್ಣು, ತೊದಲು, ಮಂಪರು, ಕೆಲವೊಮ್ಮೆ ರಕ್ತಸ್ರಾವ. ಜೊತೆಗೆ ಒಡೆದ ಕಣಗಳಿಂದ ಯೂರಿಕ್ ಆಮ್ಲ, ಪೊಟ್ಯಾಸಿಯಂ ರಕ್ತಕ್ಕೆ ಸುರಿದು ಮೂತ್ರಪಿಂಡ ಕೈಕೊಡಬಹುದು, ಹೃದಯದ ಬಡಿತ ತಪ್ಪಬಹುದು.

ಇಲ್ಲಿ ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ ಕೇಡಾಗುವುದುಂಟು. ಹಿಮೊಗ್ಲೋಬಿನ್ ಆರಕ್ಕೆ ಇಳಿದಿದೆ ಎಂದು ಮನೆಯವರು ರಕ್ತಕ್ಕಾಗಿ ಅಲೆಯುತ್ತಾರೆ. ಆದರೆ ಕೆಂಪು ರಕ್ತಕಣ ಏರಿಸಿದರೆ ಮೊದಲೇ ಗಟ್ಟಿಯಾದ ರಕ್ತ ಇನ್ನಷ್ಟು ಮಂದವಾಗುತ್ತದೆ. ಅನಿವಾರ್ಯವಲ್ಲದಿದ್ದರೆ ಕೌಂಟ್ ಇಳಿಯುವವರೆಗೆ ತಜ್ಞರು ತಡೆಯುತ್ತಾರೆ. ಪ್ಲೇಟ್‌ಲೆಟ್ ಕೊಡಲು ಈ ಅಡ್ಡಿಯಿಲ್ಲ. ಯಂತ್ರವೂ ಮೋಸಹೋಗುತ್ತದೆ: ಒಡೆದ ಬಿಳಿ ಕಣಗಳ ಚೂರನ್ನು ಪ್ಲೇಟ್‌ಲೆಟ್ ಎಂದು ಎಣಿಸಿ ಸುಳ್ಳು ಧೈರ್ಯ ಕೊಡುತ್ತದೆ. ಜ್ವರ ಬಿಡಲಿಲ್ಲವೆಂದು ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು, ಕಾಯಿಲೆ ಲಿಂಫಾಯ್ಡ್ ಬಗೆಯದಾಗಿದ್ದರೆ, ಕಣಗಳನ್ನು ಒಮ್ಮೆಲೇ ಒಡೆದು ಮೂತ್ರಪಿಂಡಕ್ಕೆ ಕುತ್ತು ತರಬಹುದು.

1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಹಿರಿಯೂರು ದಾರಿಯಲ್ಲಿ ಚಳ್ಳಕೆರೆಗೆ ಸುಮಾರು 200 ಕಿ.ಮೀ. ಮೊಳಕಾಲ್ಮುರಿನವರಿಗೆ ಅದು ಇನ್ನೂ ದೂರ. ಉಸಿರಾಟ ಕೆಟ್ಟಿದ್ದರೆ ಅವರಿಗೆ ಮೊದಲ ಆಸರೆಗೆ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯೇ ಹತ್ತಿರ. ಹೊರಡುವ ಮುನ್ನ ಸ್ಥಳೀಯ ವೈದ್ಯರು ಸಲೈನ್ ಡ್ರಿಪ್ ಹಾಕಬಹುದು, ಅಲೋಪ್ಯೂರಿನಾಲ್ ಶುರುಮಾಡಬಹುದು, ತಜ್ಞರನ್ನು ಫೋನಿನಲ್ಲಿ ಕೇಳಿ ಹೈಡ್ರಾಕ್ಸಿಯೂರಿಯಾ ಕ್ಯಾಪ್ಸೂಲ್ ಕೊಡಬಹುದು. ಇವ್ಯಾವುದಕ್ಕೂ ದೊಡ್ಡ ಯಂತ್ರ ಬೇಡ. ರಿಪೋರ್ಟ್, ರಕ್ತ ಲೇಪಿಸಿದ ಸ್ಮಿಯರ್ ಸ್ಲೈಡ್, ರೇಷನ್ ಕಾರ್ಡು, ಆಧಾರ್ ಚೀಲದಲ್ಲಿರಲಿ.

ದೊಡ್ಡ ಆಸ್ಪತ್ರೆಗಳಲ್ಲಿ ಇಂಥ ಅಂಕಿ ಕಂಡ ಕ್ಷಣ ಲ್ಯಾಬಿನವರು ವೈದ್ಯರಿಗೆ ಫೋನ್ ಮಾಡುವ ಕಟ್ಟಳೆಯಿದೆ. ತಾಲ್ಲೂಕಿನ ಪ್ರತಿ ಲ್ಯಾಬಿಗೂ ಅದು ಬರಬೇಕು. ಲಕ್ಷ ದಾಟಿದ ರಿಪೋರ್ಟು, ‘ನಾಳೆ ಬಂದು ತಗೊಳ್ಳಿ’ ಎಂಬ ಮಾತಿನಡಿ ಒಂದು ರಾತ್ರಿಯೂ ಮೇಜಿನ ಮೇಲೆ ಉಳಿಯಬಾರದು.