ಗೊರೂರಿನ ಗೆಂಡೆಯಲ್ಲ, ಕಡಲಿನ ಮುರು

ಹಾಸನ ಜಿಲ್ಲೆಗೆ ಕಡಲಿಲ್ಲ. ಆದರೆ ಶಿರಾಡಿ ಘಾಟಿ ಇಳಿದರೆ ಕಡಲು ದೂರವೂ ಅಲ್ಲ. ಹಾಸನದಿಂದ ಮಂಗಳೂರಿಗೆ ಸುಮಾರು 170 ಕಿ.ಮೀ. ಬೇಸಿಗೆ ರಜೆ ಬಂತೆಂದರೆ ನಾಲ್ಕಾರು ಮನೆಯವರು ಸೇರಿ ಮಲ್ಪೆಗೋ ಮುರ್ಡೇಶ್ವರಕ್ಕೋ ಹೋಗಿ, ಬೋಟು ಗೊತ್ತುಮಾಡಿಕೊಂಡು ಗಾಳ ಹಾಕಿ ಬರುವುದು ಈಗ ಹೊಸದೇನಲ್ಲ. ಇವರಲ್ಲಿ ಹಲವರಿಗೆ ಗಾಳ ಹಿಡಿದು ಅಭ್ಯಾಸವೂ ಇದೆ. ಹೊಳೆನರಸೀಪುರದವರಿಗೆ ಹೇಮಾವತಿ, ಅರಕಲಗೂಡಿನವರಿಗೆ ಕಾವೇರಿ, ಚನ್ನರಾಯಪಟ್ಟಣದವರಿಗೆ ಊರೂರಿನ ಕೆರೆ, ಹಾಸನದವರಿಗೆ ಗೊರೂರಿನ ಹಿನ್ನೀರು. ತೊಡಕು ಹುಟ್ಟುವುದೂ ಇಲ್ಲಿಂದಲೇ. ಕಡಲ ತಳದ ಮೀನಿನ ಬಗ್ಗೆ ನಮ್ಮಲ್ಲಿರುವ ತಪ್ಪು ತಿಳಿವಳಿಕೆಗಳಲ್ಲಿ ಹೆಚ್ಚಿನವು ಕೆರೆ-ಹೊಳೆಗಳಲ್ಲಿ ಸರಿಯಾಗಿಯೇ ಕಲಿತ ಪಾಠಗಳು. ಕಡಲಿಗೆ ಅವು ಹೊಂದುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆ ಇದು: "ಚಿಕ್ಕದು ಸಿಕ್ಕರೆ ನೀರಿಗೆ ಬಿಟ್ಟರಾಯಿತು, ಬದುಕಿಕೊಳ್ಳುತ್ತದೆ." ಗೊರೂರಿನಲ್ಲಿ ಇದು ಬಹುಮಟ್ಟಿಗೆ ನಿಜ. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಇವೆಲ್ಲ ಒಂದೇ ಕುಲದವು. ಮೀನಿನ ಹೊಟ್ಟೆಯೊಳಗೆ, ಬೆನ್ನೆಲುಬಿನ ಕೆಳಗೆ ಒಂದು ಗಾಳಿಚೀಲ ಇರುತ್ತದೆ. ಮೀನು ಮುಳುಗದೆ ತೇಲದೆ ನಿಲ್ಲುವುದು ಅದರ ಬಲದಿಂದ. ಗೆಂಡೆ ಕುಲದ ಮೀನುಗಳಲ್ಲಿ ಈ ಚೀಲದಿಂದ ಗಂಟಲಿಗೆ ಒಂದು ಸಣ್ಣ ನಾಳವಿದೆ. ಆಳದಿಂದ ಮೇಲೆ ಬರುವಾಗ ಚೀಲದ ಗಾಳಿ ಹಿಗ್ಗಿದರೆ ಮೀನು ಅದನ್ನು ಬಾಯಿಂದ ಬಿಟ್ಟುಬಿಡುತ್ತದೆ. ಕೊಕ್ಕೆ ಬಿಡಿಸಿ ನೀರಿಗಿಟ್ಟರೆ ಬಾಲ ಬಡಿದು ಹೋಗುತ್ತದೆ.

ಕಡಲಿನ ಬಂಡೆಗಳ ನಡುವೆ ಬದುಕುವ ಮುರು, ಕೆಂಬೇರಿಯಂಥ ಮೀನುಗಳಲ್ಲಿ ಈ ನಾಳವೇ ಇಲ್ಲ. ಅವುಗಳ ಗಾಳಿಚೀಲ ಮುಚ್ಚಿದ ಚೀಲ. ಅನಿಲ ತುಂಬುವುದಾಗಲಿ ಇಳಿಯುವುದಾಗಲಿ ರಕ್ತದ ಮೂಲಕ, ನಿಧಾನವಾಗಿ ಆಗಬೇಕು. ಕಡಲಿನಲ್ಲಿ ಹತ್ತು ಮೀಟರ್ ಕೆಳಗೆ ಹೋದಂತೆ ಒತ್ತಡ ಒಂದೊಂದು ವಾಯುಭಾರದಷ್ಟು ಏರುತ್ತದೆ. ಮೂವತ್ತು ಮೀಟರ್ ಆಳದಲ್ಲಿ ಅದು ಮೇಲ್ಮೈಗಿಂತ ನಾಲ್ಕು ಪಟ್ಟು. ಅಲ್ಲಿದ್ದ ಮೀನನ್ನು ಎರಡು ನಿಮಿಷದಲ್ಲಿ ಎಳೆದು ಮೇಲೆ ತಂದರೆ ಚೀಲದೊಳಗಿನ ಗಾಳಿ ನಾಲ್ಕು ಪಟ್ಟು ಹಿಗ್ಗಲು ನೋಡುತ್ತದೆ. ದೇಹದಲ್ಲಿ ಅಷ್ಟು ಜಾಗವೆಲ್ಲಿದೆ?

ಆಗ ಏನಾಗುತ್ತದೆ ಎನ್ನುವುದನ್ನು ಬೋಟಿನ ಹಲಗೆಯ ಮೇಲೆ ಬಿದ್ದ ಅಂಗೈಯಗಲದ ಮುರುವಿನಲ್ಲೇ ನೋಡಬಹುದು. ಹೊಟ್ಟೆ ಬಿಗಿದು ಚೆಂಡಾಗಿರುತ್ತದೆ. ಕಣ್ಣುಗಳು ಗುಳಿಯಿಂದ ಹೊರಕ್ಕೆ ಚಾಚಿರುತ್ತವೆ. ಬಾಯಿ ತುಂಬ ನಸುಗೆಂಪಿನ, ನುಣುಪಾದ ಒಂದು ಗುಳ್ಳೆ. ಆ ಮೀನನ್ನು ನೀರಿಗೆ ಎಸೆದರೆ ಮುಳುಗುವುದಿಲ್ಲ. ಹೊಟ್ಟೆ ಮೇಲಾಗಿ ತೇಲುತ್ತದೆ, ಕೆಳಗೆ ಇಳಿಯಲು ಬಾಲ ಬಡಿದು ಬಡಿದು ಸೋಲುತ್ತದೆ. ಬಿಸಿಲಿಗೆ ಸಾಯುತ್ತದೆ, ಇಲ್ಲವೇ ಹಕ್ಕಿಗಳ ಪಾಲಾಗುತ್ತದೆ. "ಬಿಟ್ಟುಬಿಟ್ಟೆವು" ಎಂಬ ನೆಮ್ಮದಿ ನಮಗೆ, ಸಾವು ಅದಕ್ಕೆ. ಇದನ್ನು ನೋಡಿಯೂ ಸುಮ್ಮನಿರುವುದು ನನ್ನಿಂದಾಗದು, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಇದರ ಬೆನ್ನಿಗೇ ಇನ್ನೊಂದು ತಪ್ಪು ನಡೆಯುತ್ತದೆ. ಬಾಯಿಂದ ಹೊರಬಂದ ಗುಳ್ಳೆಯೇ ಗಾಳಿಚೀಲ, ಪಿನ್ನಿನಿಂದ ಚುಚ್ಚಿದರೆ ಗಾಳಿ ಹೋಗಿ ಮೀನು ಸರಿಯಾಗುತ್ತದೆ ಎಂದು ತಿಳಿದವರಿದ್ದಾರೆ. ಆ ಗುಳ್ಳೆ ಗಾಳಿಚೀಲವಲ್ಲ, ಮೀನಿನ ಜಠರ. ಹಿಗ್ಗಿದ ಚೀಲ ಒಳಗಿನಿಂದ ತಳ್ಳಿದ್ದರಿಂದ ಅದು ಒಳಗಡೆ ಹೊರಗಾಗಿ ಮಗುಚಿಕೊಂಡಿರುತ್ತದೆ. ಚುಚ್ಚಿದರೆ ಜಠರಕ್ಕೆ ತೂತು ಬೀಳುತ್ತದೆಯೇ ಹೊರತು ಗಾಳಿ ಇಳಿಯುವುದಿಲ್ಲ. ಅದನ್ನು ಬೆರಳಿನಿಂದ ಒಳಕ್ಕೆ ತುರುಕುವುದೂ ಬೇಡ.

ಮಾಡಬೇಕಾದ್ದು ಮೀನನ್ನು ಅದು ಇದ್ದ ಆಳಕ್ಕೆ ಮರಳಿ ಇಳಿಸುವುದು. ಒತ್ತಡ ಮರಳಿದರೆ ಚೀಲ ತಾನಾಗಿಯೇ ಕುಗ್ಗುತ್ತದೆ, ಜಠರ ತನ್ನ ಜಾಗಕ್ಕೆ ಹೋಗುತ್ತದೆ. ಇದಕ್ಕೆ ದೊಡ್ಡ ಉಪಕರಣವೇನೂ ಬೇಡ. ಪ್ಲಾಸ್ಟಿಕ್ ಕ್ರೇಟ್ ಒಂದನ್ನು ಬೋರಲು ಹಾಕಿ, ಅಂಚಿಗೆ ತೂಕ ಕಟ್ಟಿ, ತಳಕ್ಕೆ ಹಗ್ಗ ಬಿಗಿದು, ಮೀನನ್ನು ಅದರಡಿ ಸೇರಿಸಿ ಕೆಳಗೆ ಬಿಟ್ಟರೆ ಸಾಕು. ತೇಲಲು ನೋಡುವ ಮೀನು ಕ್ರೇಟಿನ ಒಳಗೇ ಒತ್ತಿಕೊಂಡು ಇಳಿಯುತ್ತದೆ. ಆಳ ಮುಟ್ಟಿದ ಮೇಲೆ ತೆರೆದ ಕೆಳಬಾಯಿಂದ ಈಜಿ ಹೋಗುತ್ತದೆ. ಅಮೆರಿಕದ ಮೆಕ್ಸಿಕೋ ಕೊಲ್ಲಿಯ ಹೊರಗಡಲಿನಲ್ಲಿ ಬಂಡೆ ಮೀನು ಹಿಡಿಯುವ ಬೋಟುಗಳು ಇಂಥ ಸಾಧನವನ್ನೋ, ಚೀಲದ ಗಾಳಿ ಬಿಡಿಸುವ ಟೊಳ್ಳು ಸೂಜಿಯನ್ನೋ ಸಿದ್ಧವಾಗಿಟ್ಟುಕೊಳ್ಳುವುದು 2022ರಲ್ಲಿ ಕಡ್ಡಾಯವಾಯಿತು. ಸೂಜಿ ಹಾಕುವುದಕ್ಕೆ ಕೈ ಪಳಗಿರಬೇಕು, ಕ್ರೇಟಿಗೆ ಅದೂ ಬೇಡ. ಬೋಟಿನವರ ಬಳಿ ಇರದಿದ್ದರೆ ಹಾಸನದಿಂದಲೇ ಒಂದು ಟೊಮೆಟೊ ಕ್ರೇಟ್ ಒಯ್ಯಿರಿ.

ಎಲ್ಲ ಮೀನಿಗೂ ಇದು ಬೇಕಿಲ್ಲ. ಮರಳಿಗೆ ಅಂಟಿ ಮಲಗುವ ನಂಗ್ ಮೀನಿಗೆ ಬೆಳೆದ ಮೇಲೆ ಗಾಳಿಚೀಲವೇ ಇರುವುದಿಲ್ಲ. ಅದರ ಎರಡು ಕಣ್ಣೂ ಒಂದೇ ಮಗ್ಗುಲಲ್ಲಿರುವುದನ್ನು ನೋಡಿ ಹುಟ್ಟು ಊನ ಎನ್ನುವವರಿದ್ದಾರೆ. ಹಾಗಲ್ಲ. ಮರಿಯಾಗಿದ್ದಾಗ ಎರಡು ಮಗ್ಗುಲಿಗೂ ಒಂದೊಂದು ಕಣ್ಣು ಇರುತ್ತದೆ. ಬೆಳೆಯುತ್ತ ಒಂದು ಕಣ್ಣು ಸರಿದು ಇನ್ನೊಂದರ ಪಕ್ಕಕ್ಕೆ ಬರುತ್ತದೆ.

"ದೊಡ್ಡದನ್ನು ಹಿಡಿ, ಚಿಕ್ಕದನ್ನು ಬಿಡು, ವಂಶ ಉಳಿಯುತ್ತದೆ" ಎನ್ನುವುದೂ ಮುರುವಿನ ವಿಷಯದಲ್ಲಿ ಅರ್ಧ ಸತ್ಯ. ಮುರು ಜಾತಿಯ ಹೆಚ್ಚಿನ ಮೀನುಗಳು ಹೆಣ್ಣಾಗಿ ಬಾಳು ಶುರುಮಾಡಿ, ವರ್ಷಗಳು ಕಳೆದು ಮೈ ದೊಡ್ಡದಾದ ಮೇಲೆ ಗಂಡಾಗುತ್ತವೆ. ಒಂದು ಬಂಡೆಯ ದೊಡ್ಡ ಮುರುಗಳನ್ನೆಲ್ಲ ಎತ್ತಿದರೆ ಅಲ್ಲಿ ಗಂಡೇ ಇಲ್ಲದಂತಾಗುತ್ತದೆ. ಚಿಕ್ಕವನ್ನು ಬಿಡುವುದರ ಜೊತೆಗೆ ತೀರಾ ದೊಡ್ಡದನ್ನೂ ಬಿಡುವುದು ಲೇಸು.

ಕಡಲು ವಿಶಾಲ, ಇಲ್ಲಿ ಖಾಲಿಯಾದರೆ ಅಲ್ಲಿಂದ ಬರುತ್ತವೆ ಎಂಬ ಮಾತು ಬೂತಾಯಿ, ಬಂಗುಡೆಯಂಥ ಹಿಂಡಿನಲ್ಲಿ ತಿರುಗುವ ಮೀನಿಗೆ ಒಂದಿಷ್ಟು ಸಲ್ಲಬಹುದು. ಬಂಡೆಯ ಮೀನಿಗೆ ಸಲ್ಲದು. ಬೆಳೆದ ಮುರು ತನ್ನ ಪೊಟರೆ ಬಿಟ್ಟು ಬಹುದೂರ ಹೋಗುವುದು ಕಡಿಮೆ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ ಇರುವಂಥ ಕಲ್ಲುತಳ ನಮ್ಮ ಕರಾವಳಿಯಲ್ಲಿ ಎಲ್ಲೆಡೆ ಇಲ್ಲ. ತೀರದ ಹತ್ತಿರದ ತಳ ಹೆಚ್ಚಾಗಿ ಮರಳು ಮತ್ತು ಕೆಸರು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನನ್ನು ದೇವರ ಮೀನೆಂದು ಯಾರೂ ಹಿಡಿಯುವುದಿಲ್ಲ. ಕೈಗೆ ಸಿಗುವಷ್ಟು ಹತ್ತಿರ ಬರುವ ಆ ಮೀನುಗಳ ಗಾತ್ರ ನೋಡಿದವರಿಗೆ, ಒಂದು ಜಾಗವನ್ನು ಮುಟ್ಟದೆ ಬಿಟ್ಟರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ.

ಬೇಸಿಗೆಯ ಬಗ್ಗೆಯೂ ಕೆರೆಯ ಲೆಕ್ಕ ಕೆಲಸ ಮಾಡುವುದಿಲ್ಲ. ಏಪ್ರಿಲ್ ಬಿಸಿಲಿಗೆ ಕೆರೆ ಬತ್ತಿ, ಉಳಿದ ನೀರು ಕಾದಾಗ ಬೆಳಗ್ಗೆ ಸಂಜೆ ಬಿಟ್ಟರೆ ಮೀನು ಗಾಳ ಕಚ್ಚುವುದಿಲ್ಲ. ಕಡಲಿನಲ್ಲಿ ಬೋಟಿನವರು ನೋಡುವುದು ಬಿಸಿಲನ್ನಲ್ಲ, ಉಬ್ಬರ-ಇಳಿತವನ್ನು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ನೀರಿನ ಸೆಳೆತ ಜೋರಾಗಿದ್ದರೆ ಸೀಸದ ಗುಂಡು ತಳದಲ್ಲಿ ನಿಲ್ಲದೆ ದಾರ ಓರೆಯಾಗಿ ತೇಲುತ್ತದೆ, ಸಿಗಡಿಯ ತುಂಡು ತಳದ ಮೀನಿನ ಬಾಯಿಗೆ ಎಟುಕುವುದೇ ಇಲ್ಲ. ನಿನ್ನೆ ಏಳಕ್ಕೆ ಹೊರಟವರು ಇಂದು ಎಂಟು ಗಂಟೆ ಎಂದರೆ ಅದು ಸೋಮಾರಿತನವಲ್ಲ.

ಮಳೆಗಾಲದ ಮೀನುಗಾರಿಕೆ ನಿಷೇಧ ಬರೀ ಅಲೆಗಳ ಭಯಕ್ಕೆ ಎಂದು ಘಟ್ಟದ ಮೇಲಿನ ನಾವು ತಿಳಿದಿದ್ದೇವೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಜೀವಭಯ ಒಂದು ಕಾರಣ ನಿಜ. ಹಲವು ಜಾತಿಯ ಮೀನುಗಳು ಮೊಟ್ಟೆಯಿಡುವ ಹೊತ್ತೂ ಅದೇ. ಜೊತೆಗೆ ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣೀರು ತೀರದ ಕಡೆಗೆ ಏರಿ ಬರುತ್ತದೆ. ಅದರಲ್ಲಿ ಪೋಷಕಾಂಶ ಹೇರಳ, ಆಮ್ಲಜನಕ ಕಡಿಮೆ. ಬೂತಾಯಿ, ಬಂಗುಡೆಗೆ ಅದು ಸುಗ್ಗಿ. ತಳದ ಮೀನು ಮಾತ್ರ ಉಸಿರಿಗಾಗಿ ಜಾಗ ಬಿಡಬೇಕಾಗುತ್ತದೆ. ಕಡಲು ಶಾಂತವಾಗಿರುವ, ತಳದ ನೀರು ಚೆನ್ನಾಗಿರುವ ಫೆಬ್ರವರಿಯಿಂದ ಮೇ ತಿಂಗಳ ನಡುವೆ ತಳದ ಗಾಳಕ್ಕೆ ಹೋಗುವುದಕ್ಕೆ ಇದೂ ಒಂದು ಕಾರಣ.

ಹೇಮಾವತಿಯನ್ನು ಈಜಿ ದಾಟಿದವರಿಗೂ ಬೋಟಿನಲ್ಲಿ ಲೈಫ್ ಜಾಕೆಟ್ ಬೇಕೇ ಬೇಕು. ದಡವೇ ಕಾಣದ ಕಡೆ ಈಜು ಎಷ್ಟು ಬಂದರೂ ಸಾಲದು. ವಾಂತಿಯಾಗುತ್ತದೆಂದು ಖಾಲಿ ಹೊಟ್ಟೆಯಲ್ಲಿ ಹತ್ತುವುದೂ ತಪ್ಪು. ಎಣ್ಣೆಯಿಲ್ಲದ ಎರಡು ಇಡ್ಲಿ ತಿಂದು ಹತ್ತಿ.

ಇನ್ನು ಬೋಟು ಹತ್ತದೆ ಹಾಸನದ ಮಾರುಕಟ್ಟೆಯಲ್ಲೇ ಕಡಲ ಮೀನು ಕೊಳ್ಳುವವರ ಅನುಮಾನಗಳು. ಕೆಂಬೇರಿಯ ಕೆಂಪು ಹಚ್ಚಿದ ಬಣ್ಣವಲ್ಲ, ಹುಟ್ಟು ಬಣ್ಣ. ಬೆಳಕಿನ ಕೆಂಪು ಭಾಗವನ್ನು ನೀರು ಮೇಲಿನ ಕೆಲವೇ ಮೀಟರುಗಳಲ್ಲಿ ಹೀರಿಕೊಳ್ಳುವುದರಿಂದ ಆಳದಲ್ಲಿ ಕೆಂಪು ಮೀನು ಕಪ್ಪಗೆ ಮಂಕಾಗಿ ಕಾಣುತ್ತದೆ, ಅಡಗಲು ಅನುಕೂಲ. ಐಸಿನಲ್ಲಿ ಇಟ್ಟದ್ದೆಲ್ಲ ಹಳಸಲು ಎನ್ನುವುದೂ ಸರಿಯಲ್ಲ. ಕೊಬ್ಬು ಕಡಿಮೆಯಿರುವ ಮುರು, ಮದ್ಮಲ್‌ನಂಥ ಬಿಳಿಮಾಂಸದ ತಳಮೀನುಗಳು ಐಸಿನಲ್ಲಿ ಎಣ್ಣೆಯಂಶದ ಬೂತಾಯಿಗಿಂತ ಹೆಚ್ಚು ದಿನ ತಾಳುತ್ತವೆ. ಮುರುವಿನ ಬಾಯಲ್ಲಿ ಜಠರ ಕಂಡರೆ ಕೊಳೆತಿದೆಯೆಂದು ದೂರ ಸರಿಯಬೇಡಿ, ಆಳದಿಂದ ಬಂದ ಮೀನು ಎಂದಷ್ಟೇ ಅದರ ಅರ್ಥ. ಕಿವಿರು ಎತ್ತಿ ನೋಡಿ, ಕೆಂಪಾಗಿರಬೇಕು. ಮೈಯನ್ನು ಬೆರಳಿನಿಂದ ಒತ್ತಿದರೆ ಗುಳಿ ಉಳಿಯಬಾರದು.