‘ಪ್ರಾಸ ಎಲ್ಲಿದೆ, ತೋರಿಸಿ’: ದೂರಶಿಕ್ಷಣದಲ್ಲಿ ವಿಮರ್ಶಾತ್ಮಕ ಚಿಂತನೆ

ನಾನು ಕಾಸರಗೋಡು ಕಡೆಯವಳು. ಕೆಲಸ ಮಾಡಿಕೊಂಡೇ ಕನ್ನಡ ಎಂ.ಎ. ಓದುವ ನನ್ನಂಥವರಿಗೆ ದೂರಶಿಕ್ಷಣವೇ ದಾರಿ. ಅಂಚೆಯಲ್ಲಿ ಬರುವ ಪಾಠಪುಸ್ತಕದಲ್ಲಿ ಪ್ರಶ್ನೆಯೂ ಇರುತ್ತೆ, ಉತ್ತರವೂ ಇರುತ್ತೆ. ನಡುವೆ ಯೋಚನೆಗೆ ಜಾಗ ಇರೋದಿಲ್ಲ.

ಒಂದು ಉದಾಹರಣೆ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆದಿಪ್ರಾಸ ಬಿಟ್ಟು ಬರೆದರು, ಕಾವ್ಯ ಬಂಧನದಿಂದ ಬಿಡುಗಡೆಯಾಯಿತು ಎಂದು ಅಸೈನ್‌ಮೆಂಟಿನಲ್ಲಿ ಬರೆದೆ. ಅಂಕವೂ ಬಂತು. ಆಮೇಲೆ ಆನ್‌ಲೈನ್ ತರಗತಿಯಲ್ಲಿ ಮೇಡಂ ಹಳೆಯ ಪದ್ಯವೊಂದನ್ನು ಮುಂದಿಟ್ಟು, “ಪ್ರಾಸ ಎಲ್ಲಿದೆ, ತೋರಿಸಿ” ಅಂದಾಗ ನನ್ನ ಬಾಯಿ ಕಟ್ಟಿತು. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬುದು ಆ ನಿಯಮ. ಇದರಲ್ಲಿ ಅರ್ಥಕ್ಕಾಗಿ ಬಂದ ಪದ ಯಾವುದು, ಪ್ರಾಸಕ್ಕಾಗಿಯೇ ಬಂದದ್ದು ಯಾವುದು, ಹೇಗೆ ಹೇಳ್ತೀರಿ ಎಂದು ಅವರು ಕೇಳಿದರು. ಒಬ್ಬೊಬ್ಬರದು ಒಂದೊಂದು ಉತ್ತರ. “ಪ್ರಾಸ ಇದ್ದರೆ ಪದ್ಯ ಬಾಯಿಗೆ ಬೇಗ ಬರ್ತದಲ್ಲ?” ಎಂದ ಗೆಳತಿಯ ಮಾತನ್ನು ತಳ್ಳಿಹಾಕಲು ನನಗೆ ಆಗಲಿಲ್ಲ. ನಾನು ಬರೆದಿದ್ದ ವಾಕ್ಯ ಸುಳ್ಳಲ್ಲ, ಆದರೆ ನನ್ನದಾಗಿರಲಿಲ್ಲ.

ವಿಮರ್ಶಾತ್ಮಕ ಚಿಂತನೆಗೆಂದು ಬೇರೆ ಪತ್ರಿಕೆ ಬೇಕಿಲ್ಲ. ಪ್ರತಿ ಘಟಕದ ಕೊನೆಗೆ ಉತ್ತರ ಕೊಡದ ಒಂದು ಪ್ರಶ್ನೆ, ಬರೆದದ್ದಕ್ಕೆ “ಯಾಕೆ?” ಎಂದು ಮರಳಿ ಕೇಳುವ ಅಧ್ಯಾಪಕರು ಇದ್ದರೆ ಸಾಕು. ಒಬ್ಬರೇ ಕೂತು ಓದುವ ನಮಗೆ ಆ ಮರುಪ್ರಶ್ನೆಯೇ ತರಗತಿ.