ಸುಟ್ಟಗಾಯದ ಬಿಗಿತವೂ ಅದರ ಪರಿಹಾರವೂ

ಬೆಂಕಿಯ ಗಾಯವು ಮಾಯಿತೆಂದ ಕೂಡಲೆ ಮನೆಯವರು ನೆಮ್ಮದಿಗೊಳ್ಳುವುದು ಸಹಜ. ಆದರೆ ಆಪತ್ತಿನ ಎರಡನೆಯ ಅಧ್ಯಾಯವು ಅನೇಕವೇಳೆ ಅಲ್ಲಿಂದಲೇ ಆರಂಭವಾಗುವುದು. ನಾವು ಉಪಾಧ್ಯಾಯರಾಗಿದ್ದಾಗ ನಮ್ಮ ತರಗತಿಯಲ್ಲಿ ಒಬ್ಬ ಬಾಲಿಕೆಯಿದ್ದಳು. ಒಲೆಯ ಕಿಡಿ ಬಟ್ಟೆಗೆ ತಗುಲಿ ಆಕೆಯ ಕತ್ತೂ ಎದೆಯೂ ಬೆಂದಿದ್ದುವು. ಗಾಯವೇನೋ ಒಣಗಿತು, ಗದ್ದವು ಮಾತ್ರ ದಿನೇ ದಿನೇ ಎದೆಯ ಕಡೆಗೆ ಬಾಗುತ್ತ ಬಂದಿತು. ಕಪ್ಪುಹಲಗೆಯನ್ನು ನೋಡಬೇಕಾದರೆ ಆಕೆ ಸೊಂಟವನ್ನೇ ಹಿಂದಕ್ಕೆ ಬಾಗಿಸುತ್ತಿದ್ದಳು. ಹಣೆಯ ಬರಹವೆಂದು ಹಿರಿಯರು ಸುಮ್ಮನಿದ್ದರು. ನಾವೂ ಸುಮ್ಮನಿದ್ದೆವು, ಅದು ನಮ್ಮ ತಪ್ಪು.

ಸುಶ್ರುತನು ಸುಟ್ಟಗಾಯಗಳನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧವೆಂದು ನಾಲ್ಕು ಬಗೆಯಾಗಿ ವಿಂಗಡಿಸಿರುವನು. ಆಳವಾಗಿ ಬೆಂದ ಗಾಯವೇ ಬಿಗಿತಕ್ಕೆ ಮೂಲ. ಅಂತಹ ಗಾಯವು ಅಂಚುಗಳನ್ನು ಒಳಕ್ಕೆಳೆದುಕೊಂಡು ಮುಚ್ಚಿಕೊಳ್ಳುವುದು. ಅಲ್ಲಿ ಹುಟ್ಟುವ ಜೀವಕಣಗಳಿಗೆ ಮಾಂಸಖಂಡದಂತೆ ಕುಗ್ಗುವ ಶಕ್ತಿಯುಂಟು. ಆದುದರಿಂದ ಕಲೆಯು ತಿಂಗಳುಗಟ್ಟಲೆ ಬಿಗಿಯುತ್ತಲೇ ಇರುವುದು. ನೋವಿಗಂಜಿ ಮಡಿಸಿಟ್ಟ ಕತ್ತು, ಮೊಳಕೈ, ಬೆರಳುಗಳು ಹಾಗೆಯೇ ನಿಂತುಬಿಡುವುವು.

ಇದಕ್ಕೆ ಪರಿಹಾರವುಂಟು. ಶಸ್ತ್ರವೈದ್ಯರು ಕಲೆಯನ್ನು ಅಡ್ಡಲಾಗಿ ಕೊಯ್ದು ಬಿಗಿತವನ್ನು ಬಿಡಿಸುವರು. ಆಗ ತೆರೆದ ಜಾಗಕ್ಕೆ ತೊಡೆಯಿಂದ ತೆಗೆದ ತೆಳುವಾದ ಚರ್ಮವನ್ನು ಹೊದಿಸುವರು. ತೊಡೆಯಲ್ಲಿ ಕೆಳಪದರವು ಉಳಿದಿರುವುದರಿಂದ ಆ ಗಾಯವು ತಾನಾಗಿ ಮಾಯುವುದು. ಕಲೆಯು ಹಗ್ಗದಂತೆ ಕಿರಿದಾಗಿದ್ದರೆ, ಇಂಗ್ಲಿಷಿನ ಕಡೆಯ ಅಕ್ಷರದ ಆಕಾರದಲ್ಲಿ ಕೊಯ್ದು, ಎರಡು ತ್ರಿಕೋಣಗಳನ್ನು ಅದಲುಬದಲು ಮಾಡಿ ಹೊಲಿಯುವರು. ಕೋನವು 60 ಡಿಗ್ರಿಯಾದರೆ, ರೇಖಾಗಣಿತದ ಲೆಕ್ಕದಲ್ಲಿ ಉದ್ದವು ಸುಮಾರು ಮುಕ್ಕಾಲು ಪಾಲು ಹೆಚ್ಚುವುದು!

ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಊರಿನ ಆಸ್ಪತ್ರೆಯಲ್ಲಿ ಆರ್ಚಿಬಾಲ್ಡ್ ಮ್ಯಾಕಿಂಡೋ ಎಂಬ ವೈದ್ಯರು ಬೆಂದ ವಿಮಾನಚಾಲಕರ ರೆಪ್ಪೆ, ಬೆರಳುಗಳನ್ನು ಹೀಗೆ ಸರಿಪಡಿಸಿದರು. ಆ ರೋಗಿಗಳು 1941ರಲ್ಲಿ ತಮ್ಮದೇ ಒಂದು ಸಂಘವನ್ನು ಕಟ್ಟಿದರು. ಮುಖವನ್ನು ಮರೆಸದೆ ಊರಿನಲ್ಲಿ ಓಡಾಡುವಂತೆ ವೈದ್ಯರು ಅವರನ್ನು ಹುರಿದುಂಬಿಸುತ್ತಿದ್ದರು. ಅದೂ ಚಿಕಿತ್ಸೆಯ ಅಂಗವೇ.

ಗೃಹಸ್ಥರು ನೆನಪಿಡತಕ್ಕದ್ದಿಷ್ಟು: ಸುಟ್ಟೊಡನೆ 20 ನಿಮಿಷ ಹರಿಯುವ ತಣ್ಣೀರು ಬಿಡಬೇಕು, ಮಸಿ, ಬೆಣ್ಣೆ ಹಚ್ಚಬಾರದು. ಕತ್ತು ಬೆಂದವರಿಗೆ ದಿಂಬು ಕೂಡದು. ವೈದ್ಯರು ಕಟ್ಟಿದ ದಬ್ಬೆಯನ್ನು, ಹೇಳಿದ ವ್ಯಾಯಾಮವನ್ನು, ಶಸ್ತ್ರಚಿಕಿತ್ಸೆಯಾದ ಮೇಲೂ ತಿಂಗಳುಗಟ್ಟಲೆ ಬಿಡಬಾರದು.

ಆ ಬಾಲಿಕೆಗೆ ಹದಿನೆಂಟನೆಯ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮರುವರ್ಷ ನಮ್ಮ ಮನೆಗೆ ಬಂದವಳು, ತಲೆಯೆತ್ತಿ ಗೋಡೆಯ ಗಡಿಯಾರವನ್ನು ನೋಡಿ, "ಹೊತ್ತಾಯಿತು, ಹೋಗಿಬರುತ್ತೇನೆ ಮೇಷ್ಟ್ರೇ" ಎಂದಳು. ನಮಗೆ ಮಾತು ಹೊರಡಲಿಲ್ಲ.